ಮಾತ್ರೆ ಬರೆಯುವ ಮುಂಚೆ ಬೀದಿಯನ್ನೂ ಕೇಳು

ಪ್ರೀತಿಯ ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಬೇಜಾರಾಗಿದ್ದೆ. "ಶುಗರ್ ಪೇಷೆಂಟ್‌ಗಳು ಎಷ್ಟು ಹೇಳಿದರೂ ಕೇಳಲ್ಲಮ್ಮ. ವಾಕಿಂಗ್ ಮಾಡಲ್ಲ, ಅನ್ನ ಬಿಡಲ್ಲ, ಮಾತ್ರೆ ತಪ್ಪಿಸ್ತಾರೆ. ಶುಗರ್ 300 ದಾಟಿದ ಮೇಲೆ ಬರ್ತಾರೆ" ಅಂದೆ. ಹೌಸ್ ಸರ್ಜನ್ ಕೆಲಸದಲ್ಲಿ ನಿನಗೂ ನಿದ್ದೆಯಿಲ್ಲ, ಗೊತ್ತು. ಆದರೂ ಈ ಮಾತಿಗೆ ಉತ್ತರ ಕೊಡದೆ ಇರಲಾರೆ.

ನಾನು ನರ್ಸಾಗಿ ಓಡಾಡಿದ್ದು ಇದೇ ಬೆಂಗಳೂರಿನ ಶೀಟು ಮನೆಗಳ ಬೀದಿಗಳಲ್ಲಿ. ಅಲ್ಲಿ ಎಲ್ಲಿ ವಾಕಿಂಗ್ ಮಾಡಬೇಕು, ಹೇಳು? ಫುಟ್‌ಪಾತ್ ಇಲ್ಲ, ಹತ್ತಿರ ಪಾರ್ಕಿಲ್ಲ, ಕತ್ತಲಾದರೆ ದೀಪವಿಲ್ಲ. ಮನೆಗೆಲಸದ ಹೆಂಗಸು ಬೆಳಗ್ಗೆಯಿಂದ ನಾಲ್ಕು ಮನೆಯ ಮೆಟ್ಟಿಲು ಹತ್ತಿ ಇಳಿದಿರುತ್ತಾಳೆ. ರಾತ್ರಿ ಎರಡು ಗಂಟೆಗೆ ನೀರು ಬಂದರೆ ಎದ್ದು ಹಿಡಿಯಲೇಬೇಕು. ದಿನವೂ ನಿದ್ದೆಗೆಟ್ಟು, ಬಾಡಿಗೆ, ಬಡ್ಡಿ ಅಂತ ಚಿಂತೆ ಮಾಡಿದರೆ ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನು ಏರುತ್ತದೆ, ಜೊತೆಗೆ ಶುಗರ್, ಬಿಪಿ. ಇದನ್ನು ನೀನೇ ಓದಿದ್ದೀಯಲ್ಲ. ರೇಷನ್ನಿನಲ್ಲಿ ಸಿಗುವುದು ಹೆಚ್ಚಾಗಿ ಅಕ್ಕಿ. ಸೊಪ್ಪು, ಕಾಳು, ತರಕಾರಿಗೆ ದುಡ್ಡು ಬೇಕು. "ಅನ್ನ ಕಡಿಮೆ ಮಾಡಿ" ಅಂದಾಗ, ತಟ್ಟೆಗೆ ಇನ್ನೇನು ಹಾಕಿಕೊಳ್ಳಲಿ ಅಂತ ಅವರು ಡಾಕ್ಟರನ್ನು ಕೇಳುವುದಿಲ್ಲ. ಸುಮ್ನೆ ತಲೆಯಾಡಿಸಿ ಹೋಗುತ್ತಾರೆ. ಮಾತ್ರೆಗೆ ಅಂತ ಸಾಲಿನಲ್ಲಿ ಅರ್ಧ ದಿನ ನಿಂತರೆ ಅವತ್ತಿನ ಕೂಲಿ ಹೋಯಿತು. ಮಾತ್ರೆ ತಪ್ಪುವುದು ಹಾಗೆ.

ಡೆಂಗಿಯೂ ಅಷ್ಟೇ. ಅದನ್ನು ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನಿಂತ ತಿಳಿನೀರಿನಲ್ಲಿ. ನಲ್ಲಿ ನೀರು ದಿನಾ ಬರುವವರು ಡ್ರಮ್ಮು ತುಂಬಿಡಬೇಕಾಗಿಲ್ಲ. ವಾರಕ್ಕೊಮ್ಮೆ ನೀರು ಬರುವ ಬೀದಿಯಲ್ಲಿ ತುಂಬಿಡದೆ ಬದುಕುವುದು ಹೇಗೆ?

ಇದೆಲ್ಲ ಅಮ್ಮನ ಮರುಕ ಅಂದುಕೊಳ್ಳಬೇಡ. ಅಮೆರಿಕದಲ್ಲಿ 1994ರಲ್ಲಿ ಒಂದು ದೊಡ್ಡ ಪ್ರಯೋಗ ಶುರುವಾಯಿತು. ಐದು ನಗರಗಳ ಕಡುಬಡ ಬೀದಿಗಳ ಸಾವಿರಾರು ಕುಟುಂಬಗಳ ನಡುವೆ ಲಾಟರಿ ಎತ್ತಿದರು. ಗೆದ್ದ ಕೆಲವರಿಗೆ ಬಡತನ ಕಡಿಮೆಯಿರುವ ಏರಿಯಾದಲ್ಲಿ ಮನೆ ಮಾಡಲು ಬಾಡಿಗೆ ನೆರವು ಸಿಕ್ಕಿತು. 10–15 ವರ್ಷದ ಮೇಲೆ ಹೆಂಗಸರ ರಕ್ತ, ತೂಕ ನೋಡಿದರು. ಆ ಅವಕಾಶ ಸಿಕ್ಕವರಲ್ಲಿ ವಿಪರೀತ ಬೊಜ್ಜೂ ಡಯಾಬಿಟಿಸ್ಸೂ ಕಡಿಮೆಯಿತ್ತು. 2011ರಲ್ಲಿ ಇದು ಪ್ರಕಟವಾಯಿತು. ಯಾರಿಗೂ ಡಯಟ್ ಚೀಟಿ ಬರೆದುಕೊಟ್ಟಿರಲಿಲ್ಲ. ಲಾಟರಿ ಆದ್ದರಿಂದ, ಶಿಸ್ತಿನವರು ಮಾತ್ರ ಮನೆ ಬದಲಿಸಿದರು ಅನ್ನುವ ಹಾಗೂ ಇಲ್ಲ. ನನಗೆ ಈ ಅಧ್ಯಯನ ಇಷ್ಟವಾಗುವುದು ಅದಕ್ಕೇ.

ನಮ್ಮೂರೂ ಇದನ್ನು ಹಿಂದೆಯೇ ಕಂಡಿತ್ತು. 1898ರಲ್ಲಿ ಪೇಟೆಯ ಇಕ್ಕಟ್ಟಿನ ಓಣಿಗಳಲ್ಲಿ ಪ್ಲೇಗ್ ಹರಡಿತು. ಆಮೇಲೆ ಅಗಲ ರಸ್ತೆ, ಗಾಳಿ, ಬೆಳಕು ಇರುವ ಹಾಗೆ ಮಲ್ಲೇಶ್ವರ, ಬಸವನಗುಡಿ ಬೆಳೆದವು. ಅಂದರೆ ಜನಕ್ಕೆ ಬುದ್ಧಿ ಹೇಳಿ ಕೈತೊಳೆದುಕೊಳ್ಳಲಿಲ್ಲ, ಬಡಾವಣೆ ಕಟ್ಟಿದರು. ಆದರೆ ಅಂಥ ಬೀದಿಯಲ್ಲಿ ಇರುವ ಭಾಗ್ಯ ಎಲ್ಲರಿಗೂ ಬರಲಿಲ್ಲ. ಇವತ್ತಿಗೂ ಯಾರು ಯಾವ ಬೀದಿಯಲ್ಲಿ ಇರಬೇಕು ಅಂತ ಬಾಡಿಗೆಯೂ ಜಾತಿಯೂ ಸೇರಿಯೇ ತೀರ್ಮಾನಿಸುತ್ತವೆ. ಈ ಊರಿನ ಕಸ ಗುಡಿಸುವವರಲ್ಲಿ ಬಹುಪಾಲು ದಲಿತ ಹೆಂಗಸರು. ಆ ಧೂಳು ಅವರ ಎದೆಗೇ ಹೋಗುವುದು. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ನೀನೊಬ್ಬಳೇ ಬೀದಿ ಬದಲಿಸಲಾರೆ, ನಿಜ. ಆದರೆ ಸೋಮವಾರ ಒಪಿಡಿಯಲ್ಲಿ ಕೂತಾಗ ಎರಡು ಮಾತು ಜಾಸ್ತಿ ಕೇಳು: ನೀರು ಎಷ್ಟು ಹೊತ್ತಿಗೆ ಬರುತ್ತೆ, ಕೆಲಸಕ್ಕೆ ಯಾವಾಗ ಹೊರಡ್ತೀರಿ? ಉತ್ತರವನ್ನು ಕೇಸ್ ಶೀಟಿನಲ್ಲಿ ಬರೆ. ಮಾತ್ರೆಯ ಹೊತ್ತನ್ನು ಅದಕ್ಕೆ ಹೊಂದಿಸು. ಪ್ರತಿ ವಾರ ಬರುವ ಬದಲು ತಿಂಗಳ ಮಾತ್ರೆ ಒಟ್ಟಿಗೆ ಕೊಡಬಹುದಾ ಅಂತ ನಿಮ್ಮ ದೊಡ್ಡ ಡಾಕ್ಟರನ್ನು ಕೇಳು. ಆಗಲ್ಲ ಅಂದರೆ ಯಾಕೆ ಆಗಲ್ಲ ಅಂತ ಇನ್ನೊಮ್ಮೆ ಕೇಳು.

ನಿನ್ನ ಅಮ್ಮ