‘ಏನೂ ಬೇಡ’ ಎಂಬ ಹೆಸರಿನ ಊರು

ಪ್ರಿಯ ಮೇಷ್ಟ್ರೇ,

ಬಹುವಚನ ಈ ಸಂಬೋಧನೆಯವರೆಗೆ ಮಾತ್ರ. ನಾಲ್ಕು ಜನ ಓದುವ ಪತ್ರವಾದ್ದರಿಂದ ನಿನ್ನ ಹುದ್ದೆಗೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸಿದ್ದೇನೆ. ಕಲ್ಲು ಕಟ್ಟಡಗಳ ಬಗ್ಗೆ ಇಷ್ಟೆಲ್ಲ ಬರೆಯುವವನು ಮನುಷ್ಯರ ಬಗ್ಗೆ ಏಕೆ ಬರೆಯುವುದಿಲ್ಲ ಎಂದು ಹೋದ ತಿಂಗಳು ಕೇಳಿದ್ದೆಯಲ್ಲ. ಈ ಸಲವೂ ಕಟ್ಟಡವೇ, ಸಹಿಸಿಕೋ. ನನಗೆ ‘ಕಲ್ಲಂಗಡಿ’ ಎಂಬ ಅಡ್ಡಹೆಸರು ತಂದ ಆ ಹಳೆಯ ಲೆಕ್ಕವನ್ನು ಸಹಿಸಿಕೊಂಡವನಿಗೆ ಇದೇನೂ ದೊಡ್ಡದಲ್ಲ.

ನಾನಿರುವ ಪೋಲೆಂಡಿನ ವ್ರೊತ್ಸ್ವಾಫ್ ನಗರದಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್ ಹೋದರೆ ತ್ಶೆಬ್ನಿತ್ಸಾ ಎಂಬ ಸಣ್ಣ ಪಟ್ಟಣ ಸಿಗುತ್ತದೆ. ಸುತ್ತಲಿನ ದಿನ್ನೆಗಳನ್ನು ಇಲ್ಲಿಯವರು ಬೆಕ್ಕಿನ ಬೆಟ್ಟಗಳು ಎನ್ನುತ್ತಾರೆ. ಬೆಟ್ಟ ಎನ್ನಲು ನಮ್ಮೂರಿನವರು ಯಾರೂ ಒಪ್ಪಲಾರರು. 1202ರಲ್ಲಿ ಸೈಲೇಷ್ಯಾ ಎಂಬ ಈ ಸೀಮೆಯ ದೊರೆ, ಗಡ್ಡದ ಹೆನ್ರಿಕ್ ಎಂದು ಹೆಸರಾದವನು, ತನ್ನ ಹೆಂಡತಿ ಯಾದ್ವಿಗಾಳ ಇಚ್ಛೆಯಂತೆ ಇಲ್ಲಿ ಸಿಸ್ಟರ್ಸಿಯನ್ ಎಂಬ ಕ್ರೈಸ್ತ ಪಂಥದ ಸನ್ಯಾಸಿನಿಯರಿಗಾಗಿ ಒಂದು ಮಠ ಕಟ್ಟಿಸಿದ. ಮೊದಲ ಸನ್ಯಾಸಿನಿಯರು ಜರ್ಮನಿಯ ಬಾಂಬೆರ್ಗಿನಿಂದ ಬಂದರು. ಕಟ್ಟಿಸಿದವನು ಅವರಿಗೆ ಬೇಕಾದುದನ್ನೆಲ್ಲ ಒದಗಿಸಿ ‘ಇನ್ನೇನು ಬೇಕು’ ಎಂದು ಕೇಳಿದನಂತೆ. ಅವರು ‘ತ್ಶೆಬಾ ನಿತ್ಸ್’, ಅಂದರೆ ‘ಏನೂ ಬೇಡ’ ಎಂದರಂತೆ. ಊರಿಗೆ ಅದೇ ಹೆಸರಾಯಿತಂತೆ. ಕಾಡು ಕಡಿದು ನೆಲ ಹಸನು ಮಾಡುವುದಕ್ಕೆ ಪೋಲಿಷ್ ಭಾಷೆಯಲ್ಲಿರುವ ಪದದಿಂದ ಈ ಹೆಸರು ಬಂದಿದೆ ಎಂದು ಭಾಷಾಶಾಸ್ತ್ರ ಬಲ್ಲವರು ಹೇಳುತ್ತಾರೆ. ಅವರ ಮಾತೇ ನಿಜವಿರಬೇಕು. ಆದರೆ ನನ್ನ ತಲೆಯಲ್ಲಿ ಉಳಿದದ್ದು ಕಟ್ಟುಕತೆ.

ಮಠದ ದೇವಾಲಯ ಇಟ್ಟಿಗೆಯದು. ಅಷ್ಟು ದೊಡ್ಡ ಕಟ್ಟಡವನ್ನು ಇಟ್ಟಿಗೆಯಲ್ಲಿ ಎಬ್ಬಿಸುವುದು ಆ ಕಾಲಕ್ಕೆ ಈ ಸೀಮೆಯಲ್ಲಿ ಹೊಸ ಸಾಹಸವಾಗಿತ್ತು. ಒಳಗೆ ಬರೋಕ್ ಎಂಬ ಆಡಂಬರದ ಶೈಲಿಯ ಕಾಲದವರು ಸುಣ್ಣಗಾರೆಯನ್ನೂ ಚಿನ್ನದ ಬಣ್ಣವನ್ನೂ ಧಾರಾಳವಾಗಿ ಸುರಿದಿರುವುದರಿಂದ, 13ನೆಯ ಶತಮಾನವನ್ನು ಹುಡುಕಿಕೊಂಡು ಹೋದವನಿಗೆ ಸ್ವಲ್ಪ ಕಣ್ಣು ಕುಕ್ಕುತ್ತದೆ. ನಾನು ಹೆಚ್ಚು ಹೊತ್ತು ನಿಂತದ್ದು ಪಶ್ಚಿಮದ ಹಳೆಯ ಬಾಗಿಲಿನ ಮುಂದೆ. ಅದರ ನೆತ್ತಿಯ ಕಲ್ಲಿನಲ್ಲಿ ಬೈಬಲ್ಲಿನ ದಾವೀದ ಅರಸ ತಂತಿವಾದ್ಯ ನುಡಿಸುತ್ತಿದ್ದಾನೆ, ಬತ್ಷೆಬೆ ಕೇಳುತ್ತಿದ್ದಾಳೆ, ಅವಳ ಹಿಂದೆ ದಾಸಿ ನಿಂತಿದ್ದಾಳೆ. ಬಟ್ಟೆಯ ನಿರಿಗೆಗಳು ಒದ್ದೆಯಾಗಿ ಮೈಗಂಟಿದಂತೆ ಇಳಿದಿವೆ. 18ನೆಯ ಶತಮಾನದಲ್ಲಿ ಎಬ್ಬಿಸಿದ ಗೋಪುರವೊಂದು ಈ ಬಾಗಿಲಿಗೆ ಅಡ್ಡವಾಗಿ ಬಂದು ಅದನ್ನು ನುಂಗಿಬಿಟ್ಟಿತ್ತು. ಬಹುಕಾಲ ಇದು ಯಾರ ಕಣ್ಣಿಗೂ ಬೀಳಲಿಲ್ಲ. ಪರರ ಹೆಂಡತಿಯಾಗಿದ್ದ ಬತ್ಷೆಬೆಯನ್ನು ಕೂಡಿ, ಅವಳ ಗಂಡನನ್ನು ಯುದ್ಧದ ಮುಂಚೂಣಿಗೆ ಕಳುಹಿಸಿ ತನ್ನ ತಪ್ಪನ್ನು ಮುಚ್ಚಿಹಾಕಿದ ಅರಸನ ಮೇಲೆ ಗೋಪುರವೇ ಬಂದು ಕುಳಿತದ್ದು ತಮಾಷೆಯೆನಿಸಿತು. ಈ ತಮಾಷೆ ನನಗೇ ತಿರುಗುತ್ತದೆ ಎಂದು ಆಗ ಹೊಳೆದಿರಲಿಲ್ಲ.

ಇನ್ನು ನನ್ನ ಪ್ರಹಸನ. ಬಾಗಿಲು ದಾಟುವ ಮುನ್ನ ಅಭ್ಯಾಸಬಲದಿಂದ ಷೂ ಕಳಚಿದೆ. ಒಳಗೆ ನಾಲ್ಕು ಹೆಜ್ಜೆ ಇಟ್ಟಮೇಲೆ ಎಲ್ಲರ ಕಾಲಲ್ಲೂ ಪಾದರಕ್ಷೆಗಳಿರುವುದು ಕಂಡಿತು. ಹಿಂದಕ್ಕೆ ಬಂದವನು ಹಾಕಿಕೊಳ್ಳಲೂ ನಾಚಿ, ಅಲ್ಲೇ ಬಿಡಲೂ ಹೆದರಿ, ಅವನ್ನು ಕಂಕುಳಲ್ಲಿ ಇರುಕಿಕೊಂಡು ನಡೆದೆ. ಪ್ರಧಾನ ವೇದಿಕೆಯ ಬಲಗಡೆ ಯಾದ್ವಿಗಾಳ ಪ್ರಾರ್ಥನಾಮಂದಿರವಿದೆ. 1267ರಲ್ಲಿ ಅವಳನ್ನು ಸಂತಳೆಂದು ಘೋಷಿಸಿದ ಬೆನ್ನಿಗೇ ಕಟ್ಟತೊಡಗಿದ್ದು, ಚೂಪು ಕಮಾನುಗಳ ಗೋಥಿಕ್ ಶೈಲಿಯಲ್ಲಿ ಪೋಲೆಂಡಿನಲ್ಲಿ ಎದ್ದ ಮೊಟ್ಟಮೊದಲ ಕಟ್ಟಡಗಳಲ್ಲೊಂದು. ಅಲ್ಲಿದ್ದ ಅಜ್ಜಿಯೊಬ್ಬರು ಯಾದ್ವಿಗಾಳ ಮೂರ್ತಿಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕರು. ಮೂರ್ತಿಯ ಒಂದು ಕೈಯಲ್ಲಿ ದೇವಾಲಯದ ಪುಟ್ಟ ಮಾದರಿ. ಇನ್ನೊಂದರಲ್ಲಿ ಒಂದು ಜೊತೆ ಪಾದರಕ್ಷೆ!

ದೊರೆಯ ಹೆಂಡತಿಯಾಗಿದ್ದರೂ ಅವಳು ಹಿಮದಲ್ಲಿ ಬರಿಗಾಲಲ್ಲಿ ನಡೆಯುತ್ತಿದ್ದಳಂತೆ. ಪಾದರಕ್ಷೆಯಿಲ್ಲದೆ ಹೊರಡಕೂಡದು ಎಂದು ಗುರುವಿನ ಅಪ್ಪಣೆಯಾಯಿತು. ಅವಳು ಅಪ್ಪಣೆ ಮೀರಲಿಲ್ಲ. ಹೊರಟಾಗಲೆಲ್ಲ ಅವನ್ನು ಕಂಕುಳಲ್ಲಿಟ್ಟುಕೊಂಡೇ ಹೊರಟಳು. ಒಂದು ವರ್ಷದ ಮೇಲೆ ನೋಡಿದರೆ ಅಟ್ಟೆ ಒಂದಿಷ್ಟೂ ಸವೆದಿರಲಿಲ್ಲ.

ಮೇಷ್ಟ್ರೇ, ಇಲ್ಲಿಗೆ ನಿಲ್ಲಿಸಿದ್ದರೆ ಇದೊಂದು ಚೆಂದದ ಪ್ರವಾಸಪತ್ರವಾಗುತ್ತಿತ್ತು. ಆದರೆ ಆ ಸವೆಯದ ಅಟ್ಟೆ ಒಂದು ವಾರದಿಂದ ನಿದ್ದೆಗೆಡಿಸಿದೆ. ಪ್ರತಿ ಭಾನುವಾರ ತಪ್ಪದೆ ಅಪ್ಪನಿಗೆ ಕರೆ ಮಾಡುತ್ತೇನೆ. ‘ಏನಾದರೂ ಬೇಕಾ ಅಪ್ಪ’ ಎನ್ನುತ್ತೇನೆ. ‘ನನಗೇನಪ್ಪ, ಏನೂ ಬೇಡ’ ಎನ್ನುತ್ತಾರೆ. ತಿಂಗಳ ಮೊದಲ ದಿನ ದುಡ್ಡು ಹೋಗುತ್ತದೆ. ಮಗನಾದವನ ಕರ್ತವ್ಯಗಳೆಲ್ಲ ನನ್ನ ಕಂಕುಳಲ್ಲಿ ಭದ್ರವಾಗಿವೆ.

ಹೋದ ಸೆಪ್ಟೆಂಬರಿನಲ್ಲಿ ಅವರ ಮೊಣಕಾಲಿನ ಶಸ್ತ್ರಚಿಕಿತ್ಸೆಯಾದಾಗ ರಜೆ ಸಿಗಲಿಲ್ಲ ಎಂದು ನಿನಗೆ ಹೇಳಿದ್ದೆ. ಸಿಕ್ಕಿತ್ತು. ಹನ್ನೊಂದು ದಿನ ಸಿಕ್ಕಿತ್ತು. ಅಷ್ಟು ದಿನವೂ ನಾನು ಕ್ಶೆಶೂಫ್, ಹೆನ್ರಿಕೂಫ್, ಲುಬಿಯೋಂಜ್ ಎಂದು ಮಠಗಳನ್ನು ಸುತ್ತಿದೆ. ಲುಬಿಯೋಂಜಿನ ಮಠದ 223 ಮೀಟರ್ ಉದ್ದದ ಮುಂಭಾಗದ ಚಿತ್ರವನ್ನು ‘ಹಳೆಯ ನೆನಪು’ ಎಂಬ ಶೀರ್ಷಿಕೆ ಕೊಟ್ಟು ಹಾಕಿದ್ದೆನಲ್ಲ, ಅದು ಅಂದಿನದೇ. ನೀನು ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತು, ಅಪ್ಪನ ಚಪ್ಪಲಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅದಕ್ಕೆ ಮೆಚ್ಚುಗೆ ಒತ್ತಿದ್ದೆ. ಚೀಲದ ಸಂಗತಿ ನನಗೆ ತಿಳಿದದ್ದು ನನ್ನ ತಂಗಿಯಿಂದ. ನಮ್ಮಿಬ್ಬರನ್ನೂ ಸೈಕಲ್ಲಿನ ಹಿಂದೆ ಓಡಿಸಿಕೊಂಡು ಬರುತ್ತಿದ್ದ ಮನುಷ್ಯ ಗೋಡೆ ಹಿಡಿದು ನಿಲ್ಲುವುದನ್ನು ನೋಡಲು ಹೆದರಿದೆ. ಇದರ ಹೊರತು ಬೇರೆ ಕಾರಣವಿಲ್ಲ.

ಇಷ್ಟನ್ನು ಬರೆಯಬೇಕೆಂದು ಕುಳಿತಿರಲಿಲ್ಲ. ಅಳಿಸೋಣವೆಂದರೆ, ಚಿಕ್ಕಮ್ಮಂದಿರೂ ಸೇರಿದಂತೆ ಎಲ್ಲರೂ ಓದುವ ಜಾಗದಲ್ಲಿ ಹಾಕಿದರೆ ಮಾತ್ರ ನನಗೆ ಬುದ್ಧಿ ಬಂದೀತು ಎಂದು ಕಾಣುತ್ತದೆ. ಇರಲಿ, ಮಠದ ಕತೆಯನ್ನು ಮುಗಿಸುತ್ತೇನೆ. 1810ರಲ್ಲಿ, ಆಗ ಈ ಸೀಮೆಯನ್ನು ಆಳುತ್ತಿದ್ದ ಪ್ರಷ್ಯಾದ ಸರ್ಕಾರ ಮಠವನ್ನು ಮುಟ್ಟುಗೋಲು ಹಾಕಿಕೊಂಡಿತು. ಸನ್ಯಾಸಿನಿಯರು ಜಪ ಮಾಡುತ್ತಿದ್ದ ಕಟ್ಟಡದಲ್ಲಿ ಬಟ್ಟೆಯ ಕಾರ್ಖಾನೆ ನಡೆಯಿತು. ಮುಂದೆ ಬೊರೊಮಿಯೊ ಪಂಥದ ಸನ್ಯಾಸಿನಿಯರು ಬಂದು ಅಲ್ಲಿ ರೋಗಿಗಳ ಆರೈಕೆಗೆ ನಿಂತರು. ಹೊರಡುವಾಗ ಷೂ ಹಾಕಿಕೊಳ್ಳಲು ಮೆಟ್ಟಿಲ ಮೇಲೆ ಕುಳಿತೆ. ಎಡಗಾಲಿನ ಕಾಲುಚೀಲದಿಂದ ಹೆಬ್ಬೆರಳು ಪೂರ್ತಿ ಹೊರಗೆ ಇಣುಕುತ್ತಿತ್ತು. ಅಜ್ಜಿ ನಕ್ಕದ್ದು ಸಂತಳ ಹೋಲಿಕೆಗಲ್ಲ, ಈ ಬೆರಳಿಗೆ ಎಂಬ ಅನುಮಾನ ಈಗ ಬಲವಾಗಿದೆ.

ಡಿಸೆಂಬರಿನ ವಿಮಾನದ ಟಿಕೆಟಿನ ಪುಟವನ್ನು ತೆರೆದಿಟ್ಟು ಮೂರು ದಿನವಾಯಿತು. ಬಂದರೆ ನಿನಗೆ ಇಲ್ಲಿಂದ ಏನು ತರಲಿ, ಬರೆ. ‘ಏನೂ ಬೇಡ’ ಎಂದು ಮಾತ್ರ ಬರೆಯಬೇಡ.

ಇಂತು ನಿನ್ನ,
ಕಲ್ಲಂಗಡಿ