ಮಚ್ಚೆಯ ಗಾತ್ರವನ್ನೂ ಓದಿಸಿ

ಮಾನ್ಯ ಸಂಪಾದಕರೇ,

ಅಮೆರಿಕದ ತಳಿವಿಜ್ಞಾನಿ ಬಾರ್ಬರಾ ಮೆಕ್‌ಕ್ಲಿಂಟಾಕ್ (1902–1992) ಕುರಿತ ಲೇಖನಗಳು ಬಹುತೇಕ ಒಂದೇ ಜಾಡು ಹಿಡಿಯುತ್ತವೆ: ಜಾಗ ಬದಲಿಸುವ, ಅಂದರೆ ಜಿಗಿಯುವ ಜೀನ್ ಕಂಡುಹಿಡಿದರು, ಯಾರೂ ನಂಬಲಿಲ್ಲ, 1983ರಲ್ಲಿ ನೊಬೆಲ್ ಬಂತು. ಅದನ್ನು ಅವರು ಕಂಡದ್ದು ಹೇಗೆ ಎಂಬುದು ಮಾತ್ರ ಬಿಟ್ಟುಹೋಗುತ್ತದೆ. ತಳಿವಿಜ್ಞಾನ ಕಲಿಸುವ ನಮಗೆ ಬೇಸರವಿರುವುದು ಇದರ ಬಗ್ಗೆಯೇ.

ಮೆಕ್ಕೆಜೋಳದ ಜೀನ್‌ಗಳನ್ನು ಹೊತ್ತ 10 ಜೊತೆ ವರ್ಣತಂತುಗಳನ್ನು (ಕ್ರೋಮೋಸೋಮ್) ಸೂಕ್ಷ್ಮದರ್ಶಕದಲ್ಲಿ ಒಂದೊಂದಾಗಿ ಗುರುತಿಸಿ ಅವರು 1929ರಲ್ಲಿ ಪ್ರಕಟಿಸಿದರು. ಅಂಥ ನೋಟಕ್ಕೆ ಇಂದಿಗೂ ಎಳೆಯ ಸೂಲಂಗಿಯನ್ನು (ಗಂಡು ಹೂಗೊಂಚಲು) 3 ಪಾಲು ಆಲ್ಕೊಹಾಲ್, 1 ಪಾಲು ಅಸಿಟಿಕ್ ಆಮ್ಲದಲ್ಲಿ ಇಟ್ಟು, ಪರಾಗಕೋಶವನ್ನು ವರ್ಣತಂತುಗಳಿಗೆ ಬಣ್ಣ ಹಿಡಿಸುವ ಅಸಿಟೋಕಾರ್ಮೈನ್ ಹನಿಯಲ್ಲಿ ಬಿಡಿಸಿ, ಗಾಜುಪಟ್ಟಿಯನ್ನು ಹದವಾಗಿ ಬಿಸಿಮಾಡಿ ಒತ್ತುತ್ತಾರೆ. ಹೆಚ್ಚಿನವರು ಎಡವುವುದು ಹೂವಿನ ವಯಸ್ಸಿನಲ್ಲಿ. ಬಲಿತಿದ್ದರೆ ಬರೀ ಪರಾಗ ಸಿಗುತ್ತದೆ, ತೀರಾ ಎಳಸಾದರೆ ಬೇಕಾದ ಕೋಶ ವಿಭಜನೆ ಶುರುವೇ ಆಗಿರುವುದಿಲ್ಲ. ಹೊಲದ ಕೆಲಸದಲ್ಲೂ ಇಷ್ಟೇ ಎಚ್ಚರ ಬೇಕು. ತೆನೆಯ ತುದಿಯಲ್ಲಿ ಕೂದಲೆಳೆ ಇಣುಕುವ ಮೊದಲೇ ಚೀಲ ಕಟ್ಟದಿದ್ದರೆ ಗಾಳಿಯಲ್ಲಿ ಬಂದ ಪರಾಗ ಕೂತು ಇಡೀ ತೆನೆಯ ಲೆಕ್ಕ ಕೆಡುತ್ತದೆ.

ಇನ್ನು ಜಿಗಿತದ ಸುಳಿವು ಕೊಟ್ಟ ಕಾಳಿನ ಮಚ್ಚೆ. 9ನೇ ವರ್ಣತಂತುವಿನಲ್ಲಿ ಬಣ್ಣ ತಡೆಯುವ ಜೀನ್ ಇದೆ, ಅದರ ಪಕ್ಕದಲ್ಲಿ ಡಿಎಸ್ (Ds, ಡಿಸೋಸಿಯೇಶನ್) ಎಂಬ ಅಂಶ, ಅಂದರೆ ವರ್ಣತಂತುವಿನದೇ ಒಂದು ತುಣುಕು, ಕೂತಿದೆ ಎನ್ನಿ. ಎಸಿ (Ac, ಆಕ್ಟಿವೇಟರ್) ಎಂಬ ಇನ್ನೊಂದು ಅಂಶ ಅದೇ ಕೋಶದಲ್ಲಿದ್ದರೆ ಮಾತ್ರ ಡಿಎಸ್ ಇರುವಲ್ಲಿ ವರ್ಣತಂತು ಮುರಿಯುತ್ತದೆ. ಮುರಿದ ತುಂಡಿನ ಜೊತೆ ತಡೆಯೂ ಕಳೆದುಹೋಗಿ, ಆ ಕೋಶದ ಸಂತತಿಯೆಲ್ಲ ಬಣ್ಣ ತಳೆಯುತ್ತದೆ. ಕಾಳು ಬೆಳೆಯುವಾಗ ಬೇಗ ಮುರಿದರೆ ದೊಡ್ಡ ಮಚ್ಚೆ, ತಡವಾಗಿ ಮುರಿದರೆ ಚುಕ್ಕೆ. ಮಚ್ಚೆಯ ಗಾತ್ರ ಘಟನೆಯ ಹೊತ್ತನ್ನು ಹೇಳುತ್ತದೆ, ಮಚ್ಚೆಗಳ ಸಂಖ್ಯೆ ಅದು ಎಷ್ಟು ಸಲ ನಡೆಯಿತು ಎಂಬುದನ್ನು. ಕಾಳಿನ ಆಹಾರ ಭಾಗದಲ್ಲಿ ವರ್ಣತಂತುಗಳ ಮೂರು ಗುಂಪು ಇರುವುದರಿಂದ ಎಸಿಯ ಪ್ರಮಾಣ 0ಯಿಂದ 3ರವರೆಗೆ ಬದಲಾಗಬಹುದು. ಪ್ರಮಾಣ ಹೆಚ್ಚಿದಷ್ಟೂ ಮುರಿಯುವುದು ತಡವಾಗಿ, ಚುಕ್ಕೆ ಸಣ್ಣದಾಗುತ್ತದೆ! ಹೆಚ್ಚು ಇದ್ದರೆ ಹೆಚ್ಚು ಬಣ್ಣ ಎಂದೇ ವಿದ್ಯಾರ್ಥಿಗಳು ಊಹಿಸುತ್ತಾರೆ. ಬರಿಗಣ್ಣಿಗೆ ಕಾಣುವ ಈ ಮಚ್ಚೆಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡ ವರ್ಣತಂತುಗಳ ಜೊತೆ ತಾಳೆ ನೋಡಿ, ಮುರಿಯುವ ಜಾಗವೇ ಬದಲಾದದ್ದನ್ನು ಗುರುತಿಸಿ, ಡಿಎನ್‌ಎ ರಚನೆ ತಿಳಿಯುವ ಮೊದಲೇ, ಈ ಅಂಶಗಳು ಜಾಗ ಬದಲಿಸುತ್ತವೆ ಎಂದು ಅವರು ಕಂಡುಕೊಂಡದ್ದು.

ಅವರನ್ನು ಯಾರೂ ಲೆಕ್ಕಕ್ಕಿಡಲಿಲ್ಲ ಎಂಬ ಮಾತೂ ಅರ್ಧ ಸತ್ಯ. 1944ರಲ್ಲೇ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾಗಿದ್ದರು, ಮರುವರ್ಷ ಅಲ್ಲಿನ ತಳಿವಿಜ್ಞಾನ ಸಂಘದ ಅಧ್ಯಕ್ಷರಾಗಿದ್ದರು. 1951ರಲ್ಲಿ ನ್ಯೂಯಾರ್ಕ್ ರಾಜ್ಯದ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದ ಸಭೆಯಲ್ಲಿ ಕೇಳುಗರಿಗೆ ದಕ್ಕದೇ ಹೋದದ್ದು ಅವರ ತರ್ಕ.

ಮುಂದಿನ ಸಲ ಅವರ ಬಗ್ಗೆ ಬರೆಸುವಾಗ ಭಾವಚಿತ್ರದ ಪಕ್ಕ ಎಸಿ ಒಂದು, ಎರಡು, ಮೂರು ಇರುವ ಮೂರು ಕಾಳುಗಳ ಚಿತ್ರ ಹಾಕಿ, ಚುಕ್ಕೆ ಎಣಿಸುವಷ್ಟು ದೊಡ್ಡದಾಗಿ.

– ತಳಿವಿಜ್ಞಾನದ ಅಧ್ಯಾಪಕರು