ಗಿರಣಿ ಶೆಡ್ಡಿನ ಬಿಯರ್ ಉತ್ಸವ: ಉಳಿದ 7 ಟೋಕನ್‌ಗಳ ಹಣ ವಾಪಸು ಮಾಡುವ ಬಗ್ಗೆ

ಇವರಿಗೆ,
ವ್ಯವಸ್ಥಾಪಕರು, ಉತ್ಸವದ ಸಂಘಟಕ ಕಂಪನಿ

ಮಾನ್ಯರೇ,

ಮಾರ್ಚ್ ತಿಂಗಳ ಮೊದಲ ರವಿವಾರ ಸೊಲ್ಲಾಪುರದಲ್ಲಿ, ಮುಚ್ಚಿದ ಗಿರಣಿಯ ನೇಯ್ಗೆ ಶೆಡ್ಡಿನಲ್ಲಿ ನೀವು ನಡೆಸಿದ ಕ್ರಾಫ್ಟ್ ಬಿಯರ್ (ಸಣ್ಣ ತಯಾರಕರ ಬಿಯರ್) ಉತ್ಸವಕ್ಕೆ ಅಕ್ಕಲಕೋಟೆಯಿಂದ ಅಪ್ಪನ ಜೊತೆ ಬಂದಿದ್ದೆ. ನನ್ನ ಟಿಕೆಟ್‌ಗೆ 799 ರೂಪಾಯಿ. ಅಪ್ಪ ಕುಡಿಯುವುದಿಲ್ಲ, ಶೆಡ್ ನೋಡಬೇಕೆಂದು ಅವರಿಗೆ 299ರ ಟಿಕೆಟ್ ತೆಗೆಸಿದೆ. 19 ವರ್ಷ ಅವರು ಅಲ್ಲಿಯೇ ಮಗ್ಗ ನಡೆಸಿದವರು.

ನಾನು ಬಂದದ್ದು ಜೋಳದ ಬಿಯರ್‌ಗಾಗಿ. ಮಂಗಳವೇಢೆಯ ಮಾಲದಂಡಿ ಜೋಳದಿಂದ ಮಾಡಿದ್ದು ಎಂದು ನಿಮ್ಮ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಇತ್ತು. ಆ ಜೋಳದ ರೊಟ್ಟಿ ತಿಂದು ಬೆಳೆದವರು ನಾವು. ಜೋಳ ಮೊಳಕೆ ಬರಿಸಿ ಬಿಯರ್ ಮಾಡುವುದು ಆಫ್ರಿಕಾದ ಎಷ್ಟೋ ಊರುಗಳಲ್ಲಿ ಹಳೆಯ ರೂಢಿ. ನಮ್ಮ ಜೋಳದ್ದು ಹೇಗಿದ್ದೀತು ಎಂದು ತಿಂಗಳಿಂದ ಕಾದಿದ್ದೆ. ಬಾಗಿಲಲ್ಲಿ ಒಳಗೆ ಹಣದ ಬದಲು ಕೊಡುವ, 2,500 ರೂಪಾಯಿಯ 10 ಟೋಕನ್ ಕೊಳ್ಳಲೇಬೇಕೆಂದರು, ಕೊಂಡೆ. ಮದ್ಯ ಕುಡಿಯಲು ಬೇಕಾದ ಒಂದು ದಿನದ ಪರ್ಮಿಟ್‌ಗೆ ಸರಕಾರದ ಶುಲ್ಕ 5 ರೂಪಾಯಿ. ನಿಮ್ಮವರು 50 ತೆಗೆದುಕೊಂಡರು, ರಸೀದಿ ಕೊಡಲಿಲ್ಲ. ಒಳಗೆ ಹೋದಾಗ ಜೋಳದ ಬಿಯರ್ ಬಂದೇ ಇಲ್ಲ ಎಂದು ಗೊತ್ತಾಯಿತು. ಇದನ್ನು ಟೋಕನ್ ಮಾರುವ ಮೊದಲೇ ಹೇಳಬಹುದಿತ್ತಲ್ಲವೇ?

ಮೊದಲು ಗೋಧಿ ಬಿಯರ್ ತೆಗೆದುಕೊಂಡೆ. ಪ್ಲಾಸ್ಟಿಕ್ ಲೋಟದಲ್ಲಿ ಅರ್ಧಕ್ಕರ್ಧ ನೊರೆ, ಉಳಿದದ್ದು ಉಗುರುಬೆಚ್ಚಗೆ. ಬಾಳೆಹಣ್ಣು, ಲವಂಗದ ವಾಸನೆ ಬರಬೇಕಾದಲ್ಲಿ ಹುಳಿ ವಾಸನೆ. ಎರಡನೆಯದು ಲಾಗರ್ (ತಂಪಿನಲ್ಲಿ ಹುದುಗಿಸುವ ಬಿಯರ್), ಅದಕ್ಕೆ ಹಳಸಿದ ಬೆಣ್ಣೆಯ ನಾತ. ಎರಡು ವಾರಕ್ಕೊಮ್ಮೆಯಾದರೂ ತೊಳೆಯಬೇಕಾದ, ಬಿಯರ್ ಹರಿದು ಬರುವ ಪೈಪನ್ನು ತೊಳೆಯದಿದ್ದರೆ ಹೀಗೆಯೇ ಆಗುತ್ತದೆ. ಬಿಯರ್ ಮಾಡಿದವರನ್ನು ನಾನು ದೂರುವುದಿಲ್ಲ. ಅವರು ವಾರಗಟ್ಟಲೆ ತಂಪಿನಲ್ಲಿಟ್ಟು ಕಾಯ್ದದ್ದನ್ನು ನೀವು ಮಧ್ಯಾಹ್ನದ ಬಿಸಿಲಿಗೆ ಇಟ್ಟಿರಿ.

ಕೆಗ್‌ಗಳೆಲ್ಲ, ಅಂದರೆ ಬಿಯರ್ ತುಂಬಿದ ದೊಡ್ಡ ಡಬ್ಬಿಗಳೆಲ್ಲ, ಪಡುವಣ ಬಾಗಿಲ ಬಳಿ ಇದ್ದವು. ಮೂರು ಗಂಟೆಯ ಹೊತ್ತಿಗೆ ಬಿಸಿಲು ನೇರ ಅವುಗಳ ಮೇಲೆ. ಅಪ್ಪ ತಮ್ಮ ಮಗ್ಗವಿದ್ದ ಜಾಗದ ಕಬ್ಬಿಣದ ಕಂಬ ಹುಡುಕಿ, ಸುಣ್ಣದ ಕೆಳಗೆ ಮಸುಕಾಗಿದ್ದ ನಂಬರನ್ನು ಬೆರಳಿನಿಂದ ಉಜ್ಜಿ ನೋಡುತ್ತಿದ್ದವರು ಇದನ್ನು ಕಂಡು ನಿಮ್ಮ ಹುಡುಗನಿಗೆ ಹೇಳಿದರು: “ತಮ್ಮಾ, ಈ ಡಬ್ಬಿ ಅತ್ತಾಗ ಉತ್ತರದ ಗ್ವಾಡಿಗಿ ಇಡ್ರಿ, ಅಲ್ಲಿ ಬಿಸಲ ಬರಂಗಿಲ್ಲ.” ಗರಗಸದ ಹಲ್ಲಿನಂಥ ಆ ಚಾವಣಿಯ ಗಾಜೆಲ್ಲ ಉತ್ತರಕ್ಕೇ ಇರುವುದು ಅದಕ್ಕಾಗಿ: ಮಗ್ಗದ ಮೇಲೆ ಬೆಳಕು ಬೀಳಬೇಕು, ಬಿಸಿಲು ಬೀಳಬಾರದು. ಹುಡುಗ ಪಾಪ ಮರ್ಯಾದೆಯಿಂದಲೇ “ಸಾಹೇಬ್ರು ಹೇಳಿಲ್ರಿ” ಎಂದ. ಸಾಹೇಬರು ಯಾರೂ ಅಲ್ಲಿರಲಿಲ್ಲ. ಕಟ್ಟಡದ ಹೆಸರು ಹೇಳಿ ಟಿಕೆಟ್ ಮಾರಿದವರು ಅಲ್ಲಿ ದುಡಿದ ಒಬ್ಬರನ್ನಾದರೂ ಮೊದಲೇ ಕೇಳಿದ್ದರೆ ಅಷ್ಟೂ ಬಿಯರ್ ಉಳಿಯುತ್ತಿತ್ತು.

ಅಪ್ಪನಿಗೆ ನೀರಡಿಕೆಯಾಯಿತು. ಕುಡಿಯುವ ನೀರಿನ ವ್ಯವಸ್ಥೆ ಎಲ್ಲೂ ಇರಲಿಲ್ಲ. 20 ರೂಪಾಯಿ ಅಚ್ಚಾದ ನೀರಿನ ಬಾಟಲಿಗೆ ಒಂದು ಟೋಕನ್, ಅಂದರೆ 250 ರೂಪಾಯಿ ಕೊಟ್ಟೆ. ವಯಸ್ಸಾದವರು ಬಾಯಾರಿ ಕುಳಿತಾಗ ಹೀಗೆ ವಸೂಲಿ ಮಾಡಿದ್ದು ನನಗೆ ಎಲ್ಲಕ್ಕಿಂತ ಹೆಚ್ಚು ನೋವಾಯಿತು.

ಉಳಿದ 7 ಟೋಕನ್ ಮರಳಿಸಲು ಹೋದರೆ ಹಣ ವಾಪಸಿಲ್ಲ ಎಂದರು. ಆ ಷರತ್ತು ಟೋಕನ್ನಿನ ಬೆನ್ನಿಗೆ ಮಾತ್ರ ಇದೆ; ಕೊಳ್ಳುವಾಗ ಯಾರೂ ಹೇಳಲಿಲ್ಲ.

ಟೋಕನ್‌ಗಳ 1,750, ನೀರಿಗೆ ಹೆಚ್ಚಾಗಿ ಪಡೆದ 230, ಪರ್ಮಿಟ್‌ಗೆ ಹೆಚ್ಚಾಗಿ ಪಡೆದ 45, ಒಟ್ಟು 2,025 ರೂಪಾಯಿಯನ್ನು 15 ದಿನದೊಳಗೆ ಟಿಕೆಟ್ ಹಣ ಕಟ್ಟಿದ ಖಾತೆಗೇ ಮರಳಿಸಬೇಕು. ಇಲ್ಲವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಸೊಲ್ಲಾಪುರ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ. ನಿಮ್ಮ ಕಚೇರಿ ಬೇರೆ ಊರಿನಲ್ಲಿದ್ದರೂ, ನಾನು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಲು ಆ ಕಾಯ್ದೆಯಲ್ಲಿ ಅವಕಾಶವಿದೆ. ಜೋಳದ ಬಿಯರ್ ಯಾಕೆ ಬರಲಿಲ್ಲ ಎಂಬುದನ್ನೂ ಬರವಣಿಗೆಯಲ್ಲಿ ತಿಳಿಸಿ.

ಟಿಕೆಟ್‌ಗಳು, ಟೋಕನ್‌ಗಳು, ನೀರಿನ ಬಾಟಲಿ ಮತ್ತು ಬಿಸಿಲಿನಲ್ಲಿದ್ದ ಕೆಗ್‌ಗಳ ಫೋಟೋಗಳನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ
ಅಕ್ಕಲಕೋಟೆ